ಐಲಿ ಅಜ್ಜಿಯ ಆರದ ಒಲೆ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಇವತ್ತಿನ ಕಥೆ ನಮ್ಮ ಕಡೆಯದಲ್ಲ. ಬಡಗಣ ದಿಕ್ಕಿಗೆ, ಹಡಗಿನಲ್ಲಿ ಹೋದರೂ ತಿಂಗಳುಗಟ್ಟಲೆ ಹಿಡಿಯುವಷ್ಟು ದೂರದಲ್ಲಿ, ಸ್ಕಾಟ್ಲೆಂಡ್ ಅಂತ ಒಂದು ನಾಡು. ಆ ನಾಡಿನ ಪಡುವಣ ಕಡಲಲ್ಲಿ ಟಾರ್ಸೇ ಅಂತ ಒಂದು ಪುಟ್ಟ ದ್ವೀಪ. ಆ ದ್ವೀಪದಲ್ಲಿ, ಈಗಲ್ಲ, ಬಹಳ ಹಿಂದೆ, ಐಲಿ ಅಂತ ಒಬ್ಬ ಅಜ್ಜಿ ಇದ್ದಳು.

ಆ ದ್ವೀಪದಲ್ಲಿ ಮರ ಅನ್ನುವುದೇ ಇಲ್ಲ. ಕಡಲ ಗಾಳಿ ಯಾವ ಗಿಡವನ್ನೂ ಮೊಣಕಾಲಿನ ಮೇಲೆ ಏಳಲು ಬಿಡುವುದಿಲ್ಲ. ಗುಡ್ಡದ ತುಂಬ ನೇರಳೆ ಬಣ್ಣದ ಹೂ ಬಿಡುವ ಕುರುಚಲು, ಅಷ್ಟೇ. ಹಾಗಾದರೆ ಒಲೆಗೆ ಏನು ಹಾಕುತ್ತಿದ್ದರು? ಮಣ್ಣು! ನಗಬೇಡಿ, ನಿಜ. ಅಲ್ಲಿಯ ಜೌಗು ನೆಲದಲ್ಲಿ ಹುಲ್ಲು ಬೇರು ಎಲ್ಲ ಕೊಳೆತು, ಕಾಲಾಂತರದಲ್ಲಿ ಕಪ್ಪು ಮಣ್ಣಾಗಿರುತ್ತದೆ. ಅದಕ್ಕೆ ಪೀಟ್ ಅನ್ನುತ್ತಾರೆ. ಬೇಸಗೆಯಲ್ಲಿ ಅದನ್ನು ಇಟ್ಟಿಗೆಯ ಹಾಗೆ ಕೊಯ್ದು, ಗಾಳಿಗೆ ಒಣಗಿಸಿ, ಮನೆಯ ಪಕ್ಕ ಒಟ್ಟಿಕೊಂಡರೆ ಚಳಿಗಾಲ ಪೂರ್ತಿ ಒಲೆ ಉರಿಯುತ್ತದೆ. ಬೆಂಕಿ ಮೆಲ್ಲಗೆ, ಹೊಗೆ ಘಮಘಮ. ಆ ದ್ವೀಪ ಬಿಟ್ಟು ಹೋದವರು ಪರದೇಶದಲ್ಲಿ ಮುದುಕರಾದ ಮೇಲೂ, ಎಲ್ಲಿಂದಲಾದರೂ ಆ ಹೊಗೆಯ ವಾಸನೆ ತೇಲಿಬಂದರೆ ತಮ್ಮ ಮನೆಯ ಒಲೆಯ ಮಾತು ತೆಗೆಯುತ್ತಿದ್ದರಂತೆ.

ಐಲಿ ಅಜ್ಜಿಯ ಮನೆ ಕಲ್ಲಿನ ಗೋಡೆಯ, ಹುಲ್ಲಿನ ಮಾಡಿನ ಮನೆ. ನಟ್ಟ ನಡುವೆ ಒಲೆ. ಆ ಒಲೆ ಆರಿದ್ದನ್ನು ಕಂಡವರಿಲ್ಲ. ಮದುವೆಯಾಗಿ ಬಂದ ದಿನ ಅತ್ತೆ ಅವಳ ಕೈಗೆ ಚಿಮಟ ಕೊಟ್ಟು, "ನೋಡಮ್ಮಾ, ಈ ಬೆಂಕಿ ನನಗೆ ನನ್ನ ಅತ್ತೆ ಕೊಟ್ಟದ್ದು. ಅವಳಿಗೆ ಅವಳ ಅತ್ತೆ. ಇನ್ನು ನಿನ್ನದು" ಅಂದಿದ್ದಳು. ಅವತ್ತಿನಿಂದ ಐಲಿ ದಿನಾ ಸಂಜೆ ಕೆಂಡದ ಮೇಲೆ ಬೂದಿ ಹೊದಿಸುತ್ತಿದ್ದಳು, ಕೂಸಿಗೆ ಕಂಬಳಿ ಹೊದಿಸಿದ ಹಾಗೆ. ಬೆಳಿಗ್ಗೆ ಬೂದಿ ಸರಿಸಿದರೆ ಕೆಂಡ ಕಣ್ಣು ಬಿಡುತ್ತಿತ್ತು.

ಎಂಥ ದಿನಗಳವು! ಚಳಿಗಾಲದಲ್ಲಿ ಅಲ್ಲಿ ಹಗಲು ಗೇಣುದ್ದ. ಮಧ್ಯಾಹ್ನ ಕಳೆಯುತ್ತಲೇ ಕತ್ತಲು. ಆಗ ಊರಿನವರೆಲ್ಲ ಐಲಿಯ ಒಲೆಯ ಸುತ್ತ ಸೇರುತ್ತಿದ್ದರು. ಹಾಗೆ ಸೇರುವುದಕ್ಕೆ ಅವರು ಕೇಲಿ ಅನ್ನುತ್ತಿದ್ದರು. ಒಂದು ಕಡೆ ಓಟ್ಸ್ ಗಂಜಿ ಕುದಿಯುವುದು. ಇನ್ನೊಂದು ಕಡೆ ಹೆಂಗಸರು ಸಾಲಾಗಿ ಕೂತು, ನೆನೆದ ಉಣ್ಣೆ ಬಟ್ಟೆಯನ್ನು ಹಲಗೆಯ ಮೇಲೆ ಬಡಿಬಡಿದು ಗಟ್ಟಿ ಮಾಡುವುದು, ಬಡಿತಕ್ಕೆ ಸರಿಯಾಗಿ ಹಾಡುವುದು. ಚೌಕಳಿ ಬಟ್ಟೆಯ ನೆರಿಗೆ ಲಂಗ ಉಟ್ಟ ಲಾಕ್ಲನ್ ಮುದುಕ ತನ್ನ ಚೀಲದ ಪೀಪಿ ಊದುವುದು. ಹೌದು, ಅಲ್ಲಿ ಗಂಡಸರೂ ಅಂಥ ಲಂಗ ಉಡುತ್ತಾರೆ. ಅದಕ್ಕೆ ಕಿಲ್ಟ್ ಅಂತ ಹೆಸರು. ಐಲಿಯ ಗಂಡ ರೂರಿ ಮೀನು ಹಿಡಿಯುವವನು. ಬಲೆ ಹೆಣೆಯುತ್ತ ಮೂಲೆಯಲ್ಲಿ ಕೂತು, ಎಲ್ಲರಿಗಿಂತ ದೊಡ್ಡ ದನಿಯಲ್ಲಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದ. ರೂರಿ ತೀರಿಕೊಂಡು ವರ್ಷಗಳಾಗಿದ್ದವು. ಅವನ ದೋಣಿ ಮಾತ್ರ ಮನೆಯ ಹಿಂದೆ ಬೋರಲು ಬಿದ್ದಿತ್ತು. ಐಲಿ ದಿನಾ ಒಂದು ಸಲ ಅದರ ಬೆನ್ನು ಸವರಿ ಒಳಗೆ ಬರುತ್ತಿದ್ದಳು.

ಆ ದ್ವೀಪದಲ್ಲಿ ಹಿಂದಿನ ಒಡೆಯರು ಮಾಡಿದ ಒಂದು ಕಟ್ಟಳೆ ಇತ್ತು. ಒಲೆ ಉರಿಯುವ ಮನೆಯಿಂದ ಯಾರನ್ನೂ ಎಬ್ಬಿಸಬಾರದು. ಇನ್ನೊಬ್ಬರ ಒಲೆಗೆ ನೀರು ಹುಯ್ಯಬಾರದು. ಒಲೆ ತಾನಾಗಿ ಆರಿದ್ದನ್ನು ಒಡೆಯನೇ ಕಣ್ಣಾರೆ ಕಂಡರೆ, ಆಗ ಮಾತ್ರ ಆ ಮನೆ, ಆ ನೆಲ ಒಡೆಯನಿಗೆ.

ಹಳೆಯ ಒಡೆಯ ತೀರಿಕೊಂಡ. ಅವನ ಮಗ ಟಾರ್ಕಿಲ್ ಇನ್ನೂ ಚಿಕ್ಕ ವಯಸ್ಸಿನವನು, ಕೆಂಗೂದಲಿನವನು. ರಾಜನ ಕೆಲಸ ಅಂತ ಎಡಿನ್‌ಬರೋ ಪಟ್ಟಣದಲ್ಲೇ ಇರುತ್ತಿದ್ದ. ಹೊಸ ವರ್ಷಕ್ಕೆ ಒಂದು ಸಲ ದ್ವೀಪಕ್ಕೆ ಬಂದು ಹೋಗುವನು. ಊರು ನೋಡಿಕೊಳ್ಳಲು ತೆಂಕಣ ಸೀಮೆಯಿಂದ ಒಬ್ಬ ಪಾರುಪತ್ಯಗಾರನನ್ನು ತಂದಿಟ್ಟ. ಹೆಸರು ಗಿಲ್ಬರ್ಟ್. ಕಪ್ಪು ಕೂದಲು, ಕಪ್ಪು ಗಡ್ಡ, ಎತ್ತರದ ಆಳು, ಕೈಯಲ್ಲಿ ಯಾವಾಗಲೂ ಪಾರುಪತ್ಯದ ಕೋಲು.

ಗಿಲ್ಬರ್ಟನ ಕಣ್ಣಿಗೆ ಜನ ಕಾಣಲಿಲ್ಲ, ಹುಲ್ಲು ಕಂಡಿತು. 'ಈ ಕಣಿವೆಯಲ್ಲಿ ಮನುಷ್ಯರ ಬದಲು ಕುರಿ ಇದ್ದರೆ ಎಷ್ಟು ಚೆನ್ನ' ಅಂದುಕೊಂಡ. 'ಎಲ್ಲರೂ ಸೇರುವುದು ಈ ಮುದುಕಿಯ ಮನೆಯಲ್ಲಿ. ಇವಳ ಒಲೆ ಆರಿದರೆ ಉಳಿದವರು ತಾವಾಗಿ ಚದುರುತ್ತಾರೆ' ಅಂತ ಲೆಕ್ಕ ಹಾಕಿದ.

ಮೊದಲು ಪೀಟ್ ಕೊಯ್ಯುವ ಜೌಗಿಗೆ ಬೇಲಿ ಹಾಕಿಸಿದ. "ಈ ವರ್ಷ ಐಲಿ ಇಲ್ಲಿ ಕಾಲಿಡಬಾರದು" ಅಂದ.

ಆದರೆ ಏನಾಯಿತು? ಕೇಲಿಗೆ ಬರುವವರೆಲ್ಲ ಕಂಕುಳಲ್ಲಿ ಒಂದೊಂದು ಪೀಟ್ ಇಟ್ಟುಕೊಂಡು ಬಂದರು. ಒಲೆಯ ಪಕ್ಕ ಇಟ್ಟು ಕೂತರು. ಒಲೆ ಉರಿಯಿತು.

ಆಮೇಲೆ ಗಿಲ್ಬರ್ಟ್ ಎರಡನೇ ಅಪ್ಪಣೆ ಮಾಡಿದ. "ಐಲಿಯ ಮನೆಗೆ ಯಾರೂ ಪೀಟ್ ತರಬಾರದು" ಅಂತ ಬಾಗಿಲಲ್ಲಿ ತಾನೇ ನಿಂತ. ಹೆಂಗಸರು ಒದ್ದೆ ಬಟ್ಟೆಯ ಸುರುಳಿಯೊಳಗೆ ಪೀಟ್ ಅಡಗಿಸಿ ತಂದರು. ಲಾಕ್ಲನ್ ಮುದುಕ ತನ್ನ ಪೀಪಿಯ ಚೀಲದ ತುಂಬ ಅದನ್ನೇ ತುರುಕಿಕೊಂಡು ಬಂದ.

ಗಿಲ್ಬರ್ಟನಿಗೆ ಅನುಮಾನ. "ಏ ಮುದುಕಾ, ಒಂದು ಹಾಡು ಊದು ನೋಡೋಣ."

"ಈಗಲಾ ಸ್ವಾಮಿ? ಚಳಿಗೆ ತುಟಿ ಒಡೆದಿದೆ."

"ಊದು ಅಂದೆ!"

ಲಾಕ್ಲನ್ ಊದಿದ. ಹಾಡು ಬರಲಿಲ್ಲ. ಕೊಳವೆಯಿಂದ ಕಪ್ಪು ಪುಡಿ ಚಿಮ್ಮಿ ಪಾರುಪತ್ಯಗಾರನ ಮೂಗು ಮುಖವೆಲ್ಲ ತುಂಬಿತು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಕ್ಕದ್ದು ದುಬಾರಿಯಾಯಿತು. ಗಿಲ್ಬರ್ಟ್ ಮೂರನೇ ಅಪ್ಪಣೆ ಹೊರಡಿಸಿದ. "ಹೊಸ ವರ್ಷದವರೆಗೆ ಐಲಿಯ ಹೊಸಿಲು ಯಾರೂ ತುಳಿಯಬಾರದು. ತುಳಿದವರ ಮನೆಗೂ ಪೀಟ್ ಇಲ್ಲ."

ಇನ್ನು ಯಾರು ಬರುತ್ತಾರೆ? ಎಲ್ಲರ ಮನೆಯಲ್ಲೂ ಎಳೆಯ ಮಕ್ಕಳು, ಕೆಮ್ಮುವ ಮುದುಕರು. ಬರಲಾಗದೆ ಅತ್ತರು, ಅಷ್ಟೇ. ಐಲಿಯ ಮನೆ ಮೌನವಾಯಿತು. ಪೀಪಿಯಿಲ್ಲ, ಹಾಡಿಲ್ಲ, ಹಲಗೆಯ ಬಡಿತವಿಲ್ಲ. ಗಾಳಿಯ ಸದ್ದು, ಗಂಜಿಯ ಕುದಿತ. ಅಜ್ಜಿ ಖಾಲಿ ಮಣೆಗಳ ಕಡೆ ನೋಡಿ, ಇಲ್ಲಿ ಪಕ್ಕದ ಮನೆಯ ಕರ್ಸ್ಟಿ ಕೂರುತ್ತಿದ್ದಳು, ಇಲ್ಲಿ ಲಾಕ್ಲನ್, ಅಲ್ಲಿ ನನ್ನ ರೂರಿ ಅಂತ ನೆನೆಯುತ್ತ ಕೂತಳು.

ಪೀಟ್ ಮುಗಿಯಿತು. ಕಡಲು ತಂದು ಹಾಕಿದ ಕಟ್ಟಿಗೆ ಚೂರುಗಳೂ ಮುಗಿದವು. ಆಗ ಅವಳು ಕೊಡಲಿ ಹಿಡಿದು ಮನೆಯ ಹಿಂದಕ್ಕೆ ಹೋದಳು. ದೋಣಿಯ ಬೆನ್ನು ಸವರಿದಳು.

"ರೂರಿ, ಕೋಪ ಮಾಡಿಕೋಬೇಡ. ನಿನ್ನ ಅವ್ವ ಕೊಟ್ಟ ಬೆಂಕಿ ಇದು" ಅಂದಳು.

ಮೊದಲು ಹುಟ್ಟುಗಳು ಹೋದವು. ರೂರಿಯ ಅಂಗೈ ಸವೆಸಿದ ಹುಟ್ಟುಗಳು. ಆಮೇಲೆ ಕೂರುವ ಹಲಗೆ. ಮದುವೆಯಾದ ಹೊಸತರಲ್ಲಿ ಅವಳನ್ನು ಅದರ ಮೇಲೆ ಕೂರಿಸಿಕೊಂಡು ಅವನು ನೀರುನಾಯಿ ತೋರಿಸಲು ಹೋಗಿದ್ದ. ನೀರುನಾಯಿ ಒಂದೂ ಕಾಣದೆ ಇಬ್ಬರೂ ಮಳೆಯಲ್ಲಿ ತೊಯ್ದು ನಗುತ್ತ ಬಂದಿದ್ದರು. ಆಮೇಲೆ ಪಕ್ಕದ ಹಲಗೆಗಳು. ಉಪ್ಪು ಹೀರಿದ ಮರ ನೀಲಿ ಹಸಿರಾಗಿ ಉರಿಯಿತು. ಐಲಿ ಆ ಬಣ್ಣ ನೋಡುತ್ತ ಕೂತಳು. ಕಣ್ಣೀರು ಬಂತು, ಒರೆಸಿಕೊಂಡಳು. ಗಂಡ ಪಕ್ಕದಲ್ಲೇ ಕೂತ ಹಾಗೆ ಅನಿಸಿತು.

ವರ್ಷದ ಕೊನೆಯ ದಿನ ಬಂತು. ದೋಣಿಯೂ ಮುಗಿದಿತ್ತು. ಒಲೆಯಲ್ಲಿ ಉಳಿದದ್ದು ಹಿಡಿಯಷ್ಟು ಕೆಂಡ.

ಈಗ ಆ ನಾಡಿನ ಒಂದು ಪದ್ಧತಿ ಹೇಳಬೇಕು, ಗಮನವಿಟ್ಟು ಕೇಳಿ. ಅಲ್ಲಿ ಹೊಸ ವರ್ಷದ ದಿನ ಮನೆಗೆ ಮೊದಲು ಕಾಲಿಡುವವರು ಯಾರು ಅನ್ನುವುದರ ಮೇಲೆ ಇಡೀ ವರ್ಷದ ಒಳಿತು ಕೆಡುಕು. ಕಪ್ಪು ಕೂದಲಿನ ಎತ್ತರದ ಗಂಡಸು ಬಂದರೆ ಬಲು ಶುಭ. ಕೆಂಗೂದಲಿನವರು ಬಂದರೆ ಅಶುಭ. ಮೊದಲು ಬಂದವರು ಬರಿಗೈಯಲ್ಲಿ ಬರಬಾರದು. ಆ ಮನೆಯ ಒಲೆಗೆ ಉರಿಯಲು ಏನಾದರೂ ತಂದು, ತಮ್ಮ ಕೈಯಾರೆ ಹಾಕಬೇಕು. ಹಾಕದೆ ಹೋದರೆ ಆ ಮನೆಗೂ ಕೇಡು, ಊರಿನ ಒಡೆಯನಿಗೂ ಕೇಡು.

ವರ್ಷದ ಕೊನೆಯ ಪ್ರಾರ್ಥನೆ ಮುಗಿಸಿ ಜನ ಇಗರ್ಜಿಯ ಹೊರಗೆ ನಿಂತಿದ್ದರು. ಗಿಲ್ಬರ್ಟನೂ ಅಲ್ಲೇ ನಿಂತಿದ್ದ. ಪಕ್ಕದ ಮನೆಯ ಕರ್ಸ್ಟಿ ಅಜ್ಜಿಯ ಕೈ ಹಿಡಿದು, "ಅಜ್ಜಿ, ನಾಳೆ ಅಪ್ಪಣೆ ಮುಗಿಯುತ್ತೆ. ಬೆಳಕು ಹರಿಯುತ್ತಲೇ ನಾವೆಲ್ಲ ಪೀಟ್ ತಗೊಂಡು ಬರ್ತೀವಿ" ಅಂದಳು.

ಐಲಿ ಗಿಲ್ಬರ್ಟನ ಕಡೆ ನೋಡಲಿಲ್ಲ. ಆದರೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಬೇಡ ತಾಯಿ. ನಾಳೆ ಯಾರೂ ಬರಬೇಡಿ. ನನ್ನ ಒಲೆ ಇವತ್ತು ಸಂಜೆಗೆ ಮುಗಿದ ಹಾಗೆ. ಆ ಅವಮಾನ ಯಾರೂ ನೋಡೋದು ಬೇಡ."

ಕರ್ಸ್ಟಿ ಅಳತೊಡಗಿದಳು. ಅಜ್ಜಿ ಅವಳ ಬೆರಳನ್ನು ಒಂದು ಸಲ ಬಲವಾಗಿ ಅಮುಕಿದಳು. ಕರ್ಸ್ಟಿ ಅಳು ನಿಲ್ಲಿಸಿ ಅಜ್ಜಿಯ ಮುಖ ನೋಡಿದಳು. ಏನೋ ಇದೆ ಅಂತ ತಿಳಿದು, ಊರಿನವರಿಗೆಲ್ಲ ಹಾಗೇ ಹೇಳಿದಳು.

ಗಿಲ್ಬರ್ಟನಿಗೆ ಹಾಲು ಕುಡಿದಷ್ಟು ಸಂತೋಷ.

ಮಾರನೆಯ ದಿನ ಬೆಳಕಾಗುತ್ತಲೇ ಗಿಲ್ಬರ್ಟ್, ಹೊಸ ವರ್ಷಕ್ಕೆಂದು ದ್ವೀಪಕ್ಕೆ ಬಂದಿದ್ದ ಒಡೆಯ ಟಾರ್ಕಿಲ್‌ನನ್ನು ಕರೆದುಕೊಂಡು ದಾಪುಗಾಲು ಹಾಕುತ್ತ ಬಂದ. "ತಾವೇ ಕಣ್ಣಾರೆ ನೋಡಿ ಧಣಿ. ಒಲೆ ಆರಿದೆ, ಮಾಡಿನ ಮೇಲೆ ಹೊಗೆಯಿಲ್ಲ. ಕಟ್ಟಳೆ ಕಟ್ಟಳೆಯೇ" ಅಂದ. ಒಡೆಯನಿಗೆ ಆ ಕೆಲಸಕ್ಕೆ ಮನಸ್ಸಿರಲಿಲ್ಲ. ಊರಿನ ಜನ ದೂರದಲ್ಲಿ ನಿಂತು ನೋಡುತ್ತಿದ್ದರು.

ಬಾಗಿಲು ತೆರೆದಿತ್ತು. ಹೊಸಿಲ ಹತ್ತಿರ ಒಡೆಯನ ಕಾಲು ತಡೆಯಿತು. ಕೆಂಗೂದಲಿನವನು ಮೊದಲು ಕಾಲಿಡಬಾರದು ಅಂತ ಅವನಿಗೆ ಹುಟ್ಟಿನಿಂದ ಗೊತ್ತು. ಗಿಲ್ಬರ್ಟ್ ನಕ್ಕ. "ಇದೆಲ್ಲ ಮುದುಕಿಯರ ಗೊಡ್ಡು ನಂಬಿಕೆ, ಧಣಿ" ಅಂದವನೇ ದಡಕ್ಕನೆ ಒಳಗೆ ನುಗ್ಗಿದ.

ಐಲಿ ಅಜ್ಜಿ ಎದ್ದು ನಿಂತಳು. ಒಗೆದ ಶಾಲು, ಬಾಚಿದ ಬಿಳಿ ಕೂದಲು. ಕೈ ಮುಂದೆ ಚಾಚಿ, "ಬನ್ನಿ, ಬನ್ನಿ ಪಾರುಪತ್ಯಗಾರರೇ! ವರ್ಷದ ಮೊದಲ ಕಾಲು ನಿಮ್ಮದು. ಕಪ್ಪು ಕೂದಲು, ಎತ್ತರದ ಆಳು. ನನ್ನ ಪುಣ್ಯ! ಒಲೆಗೆ ಏನು ತಂದಿರಿ?" ಅಂದಳು.

"ಏನು ತರೋದು? ಸತ್ತ ಒಲೆಗೆ!"

"ಸತ್ತಿಲ್ಲವಲ್ಲ ಸ್ವಾಮಿ." ಅಜ್ಜಿ ಬಗ್ಗಿ ಬೂದಿ ಸರಿಸಿದಳು. ಒಳಗೆ ಕೆಂಡ ಕೆಂಪಗೆ ಕಣ್ಣು ಬಿಟ್ಟಿತು.

ಗಿಲ್ಬರ್ಟನ ಮುಖ ಬಿಳುಪೇರಿತು. "ಇನ್ನು ಒಂದು ಗಳಿಗೆಗೆ ತಾನಾಗೇ ಆರುತ್ತೆ. ಕಾಯೋಣ ಧಣಿ" ಅಂದ.

ಹೊಸಿಲಾಚೆ ನಿಂತ ಒಡೆಯನ ತುಟಿಯಲ್ಲಿ ನಗು ಮೂಡಿತು. "ಕಾಯೋ ಹಾಗಿಲ್ಲ ಗಿಲ್ಬರ್ಟ್. ಮೊದಲು ಕಾಲಿಟ್ಟವನು ನೀನು. ಬರಿಗೈಯಲ್ಲಿ ನಿಂತರೆ ಕೇಡು ನನ್ನ ಮನೆತನಕ್ಕೆ. ಏನಾದರೂ ಹಾಕು."

"ನನ್ನ ಹತ್ತಿರ ಏನಿದೆ ಧಣಿ?"

"ಕೈಯಲ್ಲಿ ಕೋಲಿದೆಯಲ್ಲ."

ಅದು ಪಾರುಪತ್ಯದ ಕೋಲು. ಅದನ್ನು ಹಿಡಿದವನ ಮಾತಿಗೇ ದ್ವೀಪದಲ್ಲಿ ಬೆಲೆ. ಗಿಲ್ಬರ್ಟ್ ಅದನ್ನು ಎದೆಗವಚಿಕೊಂಡ. ಒಡೆಯ ಕದಲಲಿಲ್ಲ. ಜನ ಹತ್ತಿರ ಬಂದು ಬಾಗಿಲ ತುಂಬ ನಿಂತರು. ಕೊನೆಗೆ ಗಿಲ್ಬರ್ಟ್ ಮೊಣಕಾಲೂರಿ, ಕೋಲು ಮುರಿದು ಕೆಂಡದ ಮೇಲಿಟ್ಟ.

"ಊದಬೇಕು ಸ್ವಾಮಿ, ಇಲ್ಲದಿದ್ದರೆ ಹತ್ತೋದಿಲ್ಲ" ಅಂದಳು ಐಲಿ.

ಕೆನ್ನೆ ಉಬ್ಬಿಸಿ ಊದಿದ. ಬೂದಿ ಗಡ್ಡಕ್ಕೆ ಹಾರಿತು. ಒಣಗಿದ ಕೋಲು ಧಗ್ಗನೆ ಹತ್ತಿಕೊಂಡಿತು. ಹುಲ್ಲಿನ ಮಾಡಿನಿಂದ ಹೊಗೆ ಎದ್ದು ಮುಗಿಲ ಕಡೆ ಹೊರಟಿತು. ಜನರ ಬಾಯಿಂದ ಹೋ ಅಂತ ಒಂದೇ ಕೂಗು.

ಆಮೇಲೆ ಒಡೆಯ ಒಳಗೆ ಬಂದ. ಸುತ್ತ ನೋಡಿದ. "ಅಜ್ಜಿ, ಹಿಂದೆ ದೋಣಿ ಇತ್ತಲ್ಲ, ಏನಾಯಿತು?"

"ಒಲೆಗೆ ಹಾಕಿದೆ ಧಣಿ."

"ಜೌಗಿನ ತುಂಬ ಪೀಟ್ ಇರುವಾಗ ದೋಣಿ ಯಾಕೆ ಸುಟ್ಟೆ?"

ಐಲಿ ಒಲೆಯ ಕಡೆ ತಿರುಗಿ ಕೆಂಡ ಸರಿಮಾಡತೊಡಗಿದಳು. ಲಾಕ್ಲನ್ ಮುಂದೆ ಬಂದು ಮೂರು ಅಪ್ಪಣೆಗಳನ್ನೂ ಒಂದೊಂದಾಗಿ ಹೇಳಿದ. ಕೇಳುತ್ತ ಕೇಳುತ್ತ ಒಡೆಯನ ಮುಖ ಅವನ ಕೂದಲಿಗಿಂತ ಕೆಂಪಾಯಿತು.

"ಗಿಲ್ಬರ್ಟ್, ಕೋಲಿಲ್ಲದವನು ಪಾರುಪತ್ಯಗಾರನಲ್ಲ. ನಿನಗೆ ಇನ್ನೊಂದು ಕೋಲು ನಾನು ಕೊಡೋದಿಲ್ಲ" ಅಂದ. "ತಪ್ಪು ನನ್ನದೂ ಇದೆ ಅಜ್ಜಿ. ನಾನು ಊರಲ್ಲಿರಬೇಕಿತ್ತು."

ಅವತ್ತೇ ಬಂದ ಹಡಗಿನಲ್ಲಿ ಗಿಲ್ಬರ್ಟ್ ತೆಂಕಣಕ್ಕೆ ಹೊರಟ. ಅವನನ್ನು ಬೀಳ್ಕೊಡಲು ದಡಕ್ಕೆ ಒಬ್ಬರೂ ಹೋಗಲಿಲ್ಲ. ಜೌಗಿನ ಬೇಲಿ ಕಿತ್ತರು. ಒಡೆಯ ದ್ವೀಪದಲ್ಲೇ ಉಳಿದ, ಕಣಿವೆಯ ಯಾವ ಮನೆಯನ್ನೂ ಎಬ್ಬಿಸಲಿಲ್ಲ. ಅಂದು ಐಲಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಣೆಗಳೆಲ್ಲ ತುಂಬಿದವು. ಹಾಡು ಶುರುವಾದಾಗ ಯಾರೋ ಒಬ್ಬ ಹುಡುಗ ದೊಡ್ಡ ದನಿಯಲ್ಲಿ ಅಪಸ್ವರ ಎತ್ತಿದ. ತಾಯಿ ಗದರಿಸಲು ಹೋದಳು. ಐಲಿ, "ಬಿಡಮ್ಮಾ, ಹಾಡಲಿ, ಕೇಳಬೇಕು ಅನಿಸ್ತಿದೆ" ಅಂದಳು.

ಆ ಕಾಲ ಹೋಯಿತು ಮಕ್ಕಳೇ. ಆದರೂ ಇಷ್ಟು ತಿಳಿದುಕೊಳ್ಳಿ. ಇನ್ನೊಬ್ಬರ ಮನೆಯ ಒಲೆ ಆರಿಸಲು ಹೊರಟವನು ಕೊನೆಗೆ ತನ್ನದನ್ನೇ ಸುಟ್ಟುಕೊಳ್ಳುತ್ತಾನೆ. ಕೂಡಿ ಬಾಳುವ ಜನ ಕಟ್ಟಿಕೊಂಡ ರೀತಿಯನ್ನು ಗೊಡ್ಡು ಅಂತ ನಕ್ಕವನು ಅದರಲ್ಲೇ ಸಿಕ್ಕಿಬೀಳುತ್ತಾನೆ. ನೆರೆಹೊರೆಯವರ ಮನೆಯಲ್ಲಿ ಬೆಂಕಿ ಇಲ್ಲ ಅಂತ ಗೊತ್ತಾದರೆ, ಕೇಳುವವರೆಗೆ ಕಾಯಬೇಡಿ, ತೆಗೆದುಕೊಂಡು ಹೋಗಿ ಕೊಡಿ.

ನನ್ನ ಮಾತು ಮುಗಿಯಿತು. ಇನ್ನು ಏಳಿ, ಊಟ ತಣ್ಣಗಾಗುತ್ತಿದೆ.