ಸೀರೆ ತುಂಡು ಮತ್ತು ಕುಲಾವಿ

ಚರ್ಚಿನ ಹಿಂದಿನ ಕೋಣೆಯಲ್ಲಿ ಮಂಗಳವಾರ, ಗುರುವಾರ ಮೂರು ಗಂಟೆ ಹೊತ್ತು, ಮನೆಯಲ್ಲೇ ಇರುವ ತಾಯಂದಿರಿಗೆ ತುಸು ಬಿಡುವು ಸಿಗಲೆಂದು ಅವರ ಕೂಸುಗಳನ್ನು ಆಯಾ ಒಬ್ಬಳು ನೋಡಿಕೊಳ್ಳುತ್ತಿದ್ದಳು. ಕೂಸಿನ ಜೊತೆ ತಾಯಿ ಉಟ್ಟ ಸೀರೆಯ ತುಂಡೊಂದನ್ನು ಕೊಟ್ಟು ಹೋಗುವುದು ಅಲ್ಲಿನ ರೂಢಿ. ಇದರಿಂದ ಲವೀನಾ ಎಂಬ ತಾಯಿಯ ಹಳೇ ಸೀರೆಯ ತುಂಡಿಗೆ ಭಾರೀ ಜಂಬ ಬಂದಿತ್ತು.

"ನನ್ನನ್ನು ಅವುಚಿಕೊಳ್ಳದೆ ಈ ಕೂಸಿಗೆ ನಿದ್ದೆಯೇ ಹತ್ತದು," ಎಂದು ತೊಟ್ಟಿಲಿನ ಮುಂದೆ ಕೊಚ್ಚಿಕೊಳ್ಳುತ್ತಿತ್ತು.

ಒಂದು ಗುರುವಾರ ಲವೀನಾ, ನಾಲ್ಕು ಜನರ ಎದುರು ಕೊಳಕು ಬಟ್ಟೆ ಕೊಡುವುದು ಹೇಗೆಂದು ನಾಚಿ, ತುಂಡನ್ನು ಸೋಪು ಹಾಕಿ ಒಗೆದು, ಇಸ್ತ್ರಿ ಮಾಡಿ ತಂದಳು. ಕೂಸು ಅದನ್ನು ಮೂಸಿ ನೋಡಿ, ಆಚೆಗೆಸೆದು, ಬಿಕ್ಕಿ ಬಿಕ್ಕಿ ಅತ್ತಿತು.

"ನಾನೇನು ತಪ್ಪು ಮಾಡಿದೆ?" ಎಂದು ನೆಲಕ್ಕೆ ಬಿದ್ದ ತುಂಡು ಕೇಳಿತು.

"ಅದು ಅಪ್ಪಿಕೊಳ್ಳುತ್ತಿದ್ದದ್ದು ನಿನ್ನನ್ನಲ್ಲ," ಎಂದಿತು ತೊಟ್ಟಿಲು. "ನಿನ್ನಲ್ಲಿದ್ದ ಅಮ್ಮನ ವಾಸನೆಯನ್ನು."

ತುಂಡು ಬಾಗಿಲನ್ನೇ ನೋಡುತ್ತ ಬಿದ್ದುಕೊಂಡಿತು. ಈಗ ಅದಕ್ಕೂ ಲವೀನಾ ಬೇಕಾಗಿದ್ದಳು.

ಹೊತ್ತಿಗೆ ಮುಂಚೆಯೇ ಲವೀನಾ ಓಡೋಡಿ ಬಂದಳು.

"ನಿದ್ದೆ ಮಾಡ್ತೇನೆ ಅಂತ ಹೋದವಳು ಇಷ್ಟು ಬೇಗ ಬಂದೆಯಲ್ಲ ಮಗಾ?" ಎಂದು ಆಯಾ ನಕ್ಕಳು.

ಕೂಸನ್ನು ಎತ್ತಿಕೊಳ್ಳುವ ಅವಸರದಲ್ಲಿ ಲವೀನಾಳ ಚೀಲದಿಂದ ಕೂಸಿನ ತಲೆಯ ಕುಲಾವಿ ಜಾರಿ, ತುಂಡಿನ ಪಕ್ಕದಲ್ಲೇ ಬಿತ್ತು. ಮೈತುಂಬ ಎಣ್ಣೆಜಿಡ್ಡು, ಹಾಲಿನ ಕಲೆ.

"ಇಷ್ಟು ಕೊಳಕಾಗಿ ಹೊರಗೆ ಬರಲು ನಿನಗೆ ನಾಚಿಕೆಯಾಗದೇ?" ಎಂದಿತು ತುಂಡು.

"ಲವೀನಾ ಎರಡು ಗಂಟೆ ಹೊತ್ತು ನನ್ನನ್ನು ಮೂಗಿಗೆ ಒತ್ತಿಕೊಂಡೇ ಕೂತಿದ್ದಳು," ಎಂದಿತು ಕುಲಾವಿ. "ನನ್ನನ್ನು ಒಗೆಯಲು ಅವಳಿಗೆ ಇನ್ನೂ ಮನಸ್ಸು ಬಂದಿಲ್ಲ."