ಲಕ್ಷ್ಮಿಗೆ ಒತ್ತು ಕೊಡದ ಬೊಪ್ಪ

"ಕೇಳಿರಪ್ಪೋ ಕೇಳಿ! ಅರಮನೆಯ ಹೊಸ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವಾಗ ಯಾವ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಗುಪ್ತ ಕಿಟಕಿ ತೆರೆಯುವುದೋ, ಅದನ್ನು ಒಗಟು ಬಿಡಿಸಿ ಹೇಳಿದವನಿಗೆ ರಾಜಕುಮಾರಿಯೂ ಸಿಂಹಾಸನವೂ! ತಪ್ಪಿದವನಿಗೆ ತಲೆದಂಡ!"

ಉದ್ದಂಡರಾಯ ಹೀಗೆ ಡಂಗುರ ಹೊಡೆಸಿದ. ಆ ಇನ್‌ಸ್ಟಾಲರಿನ ಸ್ಕ್ರಿಪ್ಟ್ ಬರೆದವಳು ಅವನ ಮಗಳು ಚಾಗಲದೇವಿಯೇ. ಅರಮನೆಯ ಕಂಪ್ಯೂಟರುಗಳೆಲ್ಲ ನಡೆಯುತ್ತಿದ್ದದ್ದು ಅವಳಿಂದ. ಆದರೂ ಸಿಂಹಾಸನದ ಮೇಲೆ ಅಳಿಯನೇ ಕೂರಬೇಕೆಂದು ಅಪ್ಪನ ಹಟ. "ಹಾಗಾದರೆ ಕೀಗೊಂದರಂತೆ ಮೂರು ಒಗಟು ನಾನೇ ಇಡ್ತೀನಿ" ಎಂದು ಅವಳು ಸ್ಕ್ರಿಪ್ಟಿನೊಳಗೆ ಆ ಕೀಗಳನ್ನು ಬಚ್ಚಿಟ್ಟಳು. ಯಾವನೋ ದಡ್ಡ ಗುರಿಯಿಲ್ಲದೆ ಹೊಡೆದು ಗೆದ್ದರೆ ಜೀವಮಾನವಿಡೀ ಅವನಿಗೆ ವೀಳ್ಯ ಮಡಿಸಿಕೊಡಬೇಕಲ್ಲ ಎಂದು ಅವಳಿಗೆ ಅಸಹ್ಯವಾಗುತ್ತಿತ್ತು.

ಮೊದಲು ಬಂದವನು ಪಡುನಾಡಿನ ಯುವರಾಜ.

"ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡ್ತಾನೆ, ಒಬ್ಬನೇ ಇದ್ದರೆ ಒಂದಕ್ಷರವನ್ನೂ ಬರೆಯಲಾರ. ಯಾರು?" ಎಂದು ಕೇಳಿದಳು ಚಾಗಲದೇವಿ.

"ತಮ್ಮ ತಂದೆ, ಮಹಾರಾಜರು!" ಎಂದು ಆತ ನಡು ಬಗ್ಗಿಸಿದ. ರಾಯನಿಗೂ ಹೌದೆನ್ನಿಸಿತು, ಆದರೆ ಮಗಳು ತಲೆಯಾಡಿಸಿದಳು. ಆ ತಲೆ ಹೋದದ್ದರಿಂದ ಪಡುನಾಡಿಗೇನೂ ನಷ್ಟವಾಗಲಿಲ್ಲ.

ದಳವಾಯಿಯ ಮಗನಿಗೆ ಇನ್ನೊಂದು ಒಗಟು. "ಸಾಲಿನಲ್ಲೆಲ್ಲ ಉದ್ದನೆಯವನು ಅವನೇ. ಅವನು ಬಂದಲ್ಲಿ ಏನೂ ಇರೋದಿಲ್ಲ."

"ನಮ್ಮಪ್ಪ!" ಎಂದ ಆ ಪುಣ್ಯಾತ್ಮ. ಸಭೆ ನಕ್ಕಿತು, ಕತ್ತಿ ಬಿತ್ತು.

ಆಸ್ಥಾನ ವಿದ್ವಾಂಸನಿಗೆ ಮೂರನೆಯದು. "ಇಬ್ಬರನ್ನು ಕೂಡಿಸ್ತಾನೆ, ಒಬ್ಬನನ್ನು ಇನ್ನೊಬ್ಬನ ಕಾಲಡಿಗೆ ತಳ್ಳುತ್ತಾನೆ. ತಾನು ಮಾತ್ರ ಕಾಣಿಸಿಕೊಳ್ಳೋದಿಲ್ಲ."

"ಮದುವೆ ಮಾಡಿಸುವ ಪುರೋಹಿತ."

"ಪುರೋಹಿತ ಊಟದ ಹೊತ್ತಿಗಾದರೂ ಕಾಣಿಸಿಕೊಳ್ತಾನಲ್ಲ!" ಎಂದಳು ಚಾಗಲದೇವಿ.

ಆಮೇಲೆ, ಬಾಗಿಲಲ್ಲಿ ನಿಂತು ಮೂರು ಒಗಟನ್ನೂ ಕೇಳಿಸಿಕೊಂಡಿದ್ದ ಆನೆಲಾಯದ ಆಳು ಬೊಪ್ಪ ಬಂದ, ಕಾಲಿನ ಲದ್ದಿಯ ಸಮೇತ. ಹೊಟ್ಟೆಯಲ್ಲಿ ಅಕ್ಷರವಿಲ್ಲದ ದೊರೆಮಕ್ಕಳೂ ಮೂಗು ಮುಚ್ಚಿಕೊಂಡರು.

"ತಲೆ ಹೋದೀತು ಕಣೋ" ಎಂದ ರಾಯ.

"ಹೋಗ್ಲಿ ಬುದ್ಧೀ. ಲಾಯದಲ್ಲಿ ಗುಮಾಸ್ತರು ದಿನಾ ಅದನ್ನೇ ತಿಂತಾವ್ರೆ" ಎಂದು ಬೊಪ್ಪ ಚಾಗಲದೇವಿಯ ಕಡೆ ತಿರುಗಿದ. "ಅಮ್ಮಣ್ಣೀ, ಮೊದಲ್ನೇದು ಶಿಫ್ಟು. ಅದನ್ನ ಹಿಡ್ಕೊಂಡು ಕ ಹೊಡೆದ್ರೆ ಖ ಆಯ್ತದೆ. ಎರಡ್ನೇದು ಸ್ಪೇಸು, ಆ ಉದ್ದನೇ ಕೀ. ಹೊಡೆದಲ್ಲೆಲ್ಲ ಖಾಲಿ ಜಾಗ."

"ಮೂರನೆಯದು?"

ಬೊಪ್ಪ ನಾಚಿಕೊಂಡ. "ಅದರಿಂದ್ಲೇ ನಾನು ಬೈಸ್ಕೊಳ್ಳೋದು. ಒತ್ತಕ್ಷರದ ಕೀ. ಲಾಯದ ಕಂಪ್ಯೂಟರಿನಾಗೆ ಆನೆ ಹೆಸರು ಬರೆಯೋವಾಗ ನಾನದನ್ನ ಮರೀತೀನಿ, ನಮ್ಮ ಲಕ್ಷ್ಮಿ ಲಕಷಮಿ ಆಗೋಯ್ತಾಳೆ. ಒತ್ತಿದ್ರೆ ಷ ಹೋಗಿ ಕ ಕಾಲಡಿ ಬೀಳ್ತದೆ. ಆ ಕೀ ಗುರುತು ಮಾತ್ರ ಎಲ್ಲೂ ಕಾಣಾಕಿಲ್ಲ."

ಮೂರನ್ನೂ ಒಟ್ಟಿಗೆ ಒತ್ತಿಸಿದರು. ಗುಪ್ತ ಕಿಟಕಿ ತೆರೆಯಿತು. ಅದರ ತುಂಬ ಸಣ್ಣಕ್ಷರ, ಕೆಳಗೆ 'ಒಪ್ಪಿಗೆ' ಎಂಬ ಗುಂಡಿ. ಓದುವುದು ಗುಮಾಸ್ತರ ಕೆಲಸವೆಂದು ತಿಳಿದ ಉದ್ದಂಡರಾಯ ನೋಡದೆ ಅದನ್ನು ಒತ್ತಿದ.

ಚಾಗಲದೇವಿ ಗಟ್ಟಿಯಾಗಿ ಓದಿದಳು: "ಈ ಕ್ಷಣದಿಂದ ಸಿಂಹಾಸನ ನನ್ನದು. ಮದುವೆ ನನ್ನಿಷ್ಟ. ಒಗಟು ಬಿಡಿಸಿದವನಿಗೆ ಅವನು ಕೇಳಿದ್ದು."

ಬೊಪ್ಪ ಲಾಯದ ಯಜಮಾನಿಕೆ ಕೇಳಿದ. ಅದರ ಜೊತೆಗೆ ಒಂದು ಊರಿನ ಉಂಬಳಿಯೂ ಸಿಕ್ಕಿತು. ಅವನು ಅಲ್ಲಿಗೆ ನಿಲ್ಲಿಸದೆ, "ಮದುವೆ ವಿಷ್ಯ ನೀವೇನಂತೀರಿ, ಅಮ್ಮಣ್ಣೀ?" ಎಂದ. ತನ್ನನ್ನು ಹಾಗೆ ಕೇಳಿದವರು ಈವರೆಗೆ ಯಾರೂ ಇರಲಿಲ್ಲವೆಂದು ಅವಳಿಗೆ ಹೊಳೆಯಿತು. ಅಂದು ಮೊದಲ ಸಲ ಅವಳು ನಕ್ಕಳು. "ನಾಳೆ ಬಾ, ಮಾತಾಡೋಣ."

ಉದ್ದಂಡರಾಯ ಕೀಬೋರ್ಡಿನ ಮೇಲೆಲ್ಲ ಬೆರಳಾಡಿಸುತ್ತಿದ್ದ. "ಮಗಳೇ, ಇದನ್ನ ಹಿಂದಕ್ಕೆ ತಗೊಳ್ಳೋ ಕೀ ಯಾವುದು?"

"ಅಂಥದ್ದು ಬರೆದಿಲ್ಲ, ಅಪ್ಪಾಜಿ" ಎಂದಳು ರಾಣಿ.