ಗವಿರಂಗ ಕೋಳಿ ಕಾದದ್ದು

ಬಿಳಿ ಹೇಂಟೆ ಸೂಜಿ ನುಂಗಿತು. ಗವಿರಂಗ ಹಿತ್ತಲ ಜಗುಲಿಯ ಮೇಲೆ ಕೂತು ನೋಡುತ್ತಿದ್ದ. ಅವನವ್ವ ದೊಡ್ಡತಾಯಮ್ಮ ರವಿಕೆಗೆ ಗುಂಡಿ ಹಾಕುತ್ತಿದ್ದವಳು, ಹಾಲು ಉಕ್ಕಿತೆಂದು ಎಲ್ಲವನ್ನೂ ಅಲ್ಲೇ ಬಿಟ್ಟು ಒಳಗೆ ಓಡಿದ್ದಳು. ವಾಪಸು ಬಂದಾಗ ಸೂಜಿ ಇಲ್ಲ. ಕೋಳಿಯ ಕೊಕ್ಕಿನಿಂದ ದಾರ ಜೋತಾಡುತ್ತಿತ್ತು.

"ನೋಡ್ತಾ ಕೂತಿದ್ದೀಯೇನೋ?"

"ಜಗುಲಿ ಬಿಟ್ಟು ಇಳೀಬೇಡ ಅಂದಿದ್ಯಲ್ಲ ಅವ್ವ. ಇಳೀಲಿಲ್ಲ. ಮೊದಲು ಸೂಜಿ ಹೋಯ್ತು. ಈಗ ದಾರ ಹೋಗ್ತಾ ಇದೆ."

ಸಂಜೆಗೆ ಹೇಂಟೆ ಸತ್ತಿತು. ದೊಡ್ಡತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಳು ಕೋಳಿಗಾಗಿ ಅಲ್ಲ. ಮೀಸೆ ಬಂದ ಮಗ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇವನಿಗೊಂದಿಷ್ಟು ಬುದ್ಧಿ ಕೊಡು ತಾಯಿ, ಹುಂಜ ಒಪ್ಪಿಸುತ್ತೇನೆ ಎಂದು ಮಾರಮ್ಮನಿಗೆ ಹರಕೆ ಹೊತ್ತಿದ್ದಳು. ಆ ಕೆಂಪು ಹುಂಜ ಇದೇ ಹಿತ್ತಲಲ್ಲಿ ಮೇಯುತ್ತಿತ್ತು. ಅದೂ ಹೀಗೇ ಸತ್ತುಹೋದರೆ ಮಗನ ಬುದ್ಧಿಯ ಆಸೆಯೂ ಹೋಯಿತು.

"ಕೇಳು ಮಗ. ಕೋಳಿ ಏನಾದರೂ ಕಚ್ಚಿಕೊಂಡರೆ ಕಿತ್ಕೋಬೇಕು. ತಿಳೀತಾ?"

"ತಿಳೀತು."

ಮಾರನೆಯ ದಿನ ಗವಿರಂಗ ಕಿತ್ತುಕೊಂಡ. ಹುಳ ಕಿತ್ತುಕೊಂಡ. ನುಚ್ಚು ಕಿತ್ತುಕೊಂಡ. ಗೆದ್ದಲು ಕಿತ್ತುಕೊಂಡ. ಅವ್ವ ಹೊಲದಿಂದ ಬಂದಾಗ ಕೋಳಿಗಳೆಲ್ಲ ಹಸಿದು ಬಾಯಿ ತೆರೆದುಕೊಂಡು ಗೋಡೆಯ ಬುಡದಲ್ಲಿ ಬಿದ್ದಿದ್ದವು. ಮಗನ ಪಂಚೆಯ ಮಡಿಲ ತುಂಬ ಹುಳ.

"ಅಯ್ಯೋ ನನ್ನ ಕರ್ಮವೇ. ತಿನ್ನೋದನ್ನ ಯಾರಾದರೂ ಕಿತ್ಕೋತಾರೇನೋ? ಗಟ್ಟಿಯಾಗಿರೋದು, ಮಿಣಮಿಣ ಹೊಳೆಯೋದು, ಅದು ಕೋಳಿಗೆ ಆಗಲ್ಲ. ಅಂಥದ್ದು ಕಂಡರೆ ಕೋಳಿಗೆ ಎಟುಕದ ಕಡೆ ಹಾಕು."

"ಮೊದಲೇ ಹೇಳಬಾರದಾ ಅವ್ವ?"

ಅದರ ಮಾರನೆಯ ದಿನ ದೊಡ್ಡತಾಯಮ್ಮ ಮೂಗುಬೊಟ್ಟು ಬಿಚ್ಚಿ ಒರಳಿನ ಮೇಲಿಟ್ಟು ತಲೆಗೆ ನೀರು ಹಾಕಿಕೊಳ್ಳಲು ಹೋದಳು. ಬಂದು ನೋಡಿದರೆ ಇಲ್ಲ.

"ಗವಿರಂಗ, ಮೂಗುಬೊಟ್ಟು ಎಲ್ಲೋ?"

"ಹೊಳೀತಿತ್ತು. ಗಟ್ಟೀನೂ ಇತ್ತು. ಬಾವಿಗೆ ಹಾಕಿದೆ. ಅಲ್ಲಿಗೆ ಕೋಳಿ ಇಳಿಯಲ್ಲ ಕಣವ್ವ. ಕಾದು ನೋಡಿದೆ, ಒಂದೂ ಇಳೀಲಿಲ್ಲ."

ಒದ್ದೆ ತಲೆಯಲ್ಲೇ ಅವಳು ಬಾವಿಕಟ್ಟೆಯ ಮೇಲೆ ಕುಸಿದಳು. ತವರಿನದೆಂದು ಉಳಿದಿದ್ದು ಅದೊಂದೇ.

"ಇನ್ನು ಮೇಲೆ ನನ್ನ ಕೇಳದೆ ಒಂದು ಕಡ್ಡೀನೂ ಎತ್ತಬೇಡ. ಮೊದಲು ಬಂದು ಕೇಳು."

"ಆಗಲಿ ಕಣವ್ವ."

ಬಡಗಿ ಬಂದು ಹಿತ್ತಲ ಬಾಗಿಲು ಸರಿಮಾಡಿ ಹೋದ. ಅವತ್ತು ಮಧ್ಯಾಹ್ನ ಗವಿರಂಗ ಏದುಸಿರು ಬಿಡುತ್ತ ಹೊಲಕ್ಕೆ ಬಂದ.

"ಅವ್ವ, ಕೆಂಪು ಹುಂಜ ಮೊಳೆ ಕಚ್ಚಿಕೊಂಡಿದೆ. ಕಿತ್ಕೊಳ್ಳಲಾ?"

"ಎಲ್ಲಿದೆ ಹುಂಜ?"

"ಮನೇಲಿ. ಕೇಳಿಕೊಂಡು ಬರ್ತೀನಿ, ಅಲ್ಲೀವರೆಗೂ ನುಂಗಬೇಡ ಅಂತ ಹೇಳಿ ಬಂದಿದೀನಿ."

ಅವಳು ಕುಡುಗೋಲು ಎಸೆದು ಓಡಿದಳು. ಹುಂಜ ಅವನ ಮಾತು ಕೇಳಿರಲಿಲ್ಲ.

ಪಕ್ಕದ ಮನೆಯ ಲಕ್ಕಜ್ಜಿ ಹುಂಜವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡಳು. ಕೊರಳ ಕೆಳಗಿನ ಗರಿ ಕಿತ್ತು, ಕಾಳಿನ ಚೀಲವನ್ನು ಬ್ಲೇಡಿನಿಂದ ಸೀಳಿ, ಬೆರಳು ಹಾಕಿ ಮೊಳೆ ತೆಗೆದಳು. ಕೆಂಪು ನೂಲಿನಲ್ಲಿ ಹೊಲಿದು ಅರಿಸಿನ ಮೆತ್ತಿದಳು. ಗವಿರಂಗ ನೂಲಿನ ಉಂಡೆ ಹಿಡಿದುಕೊಂಡು ಕಣ್ಣು ಮಿಟುಕಿಸದೆ ನೋಡಿದ.

"ಬದುಕ್ತದೆ ಬಿಡು," ಎಂದಳು ಲಕ್ಕಜ್ಜಿ. "ನಿನ್ನ ಮಗನ ತಲೇನೂ ಹಿಂಗೇ ಸೀಳಿ ನೋಡಬಹುದಿತ್ತು. ಒಳಗೆ ಮೊಳೆಯೂ ಸಿಗಲಿಕ್ಕಿಲ್ಲ."

ಗಾಯ ಮಾಯಿತು. ಗರಿ ಬಂತು. ಹರಕೆ ಒಪ್ಪಿಸುವ ದಿನವೂ ಬಂತು. ಆ ಊರಿನ ಪದ್ಧತಿ ಇದು: ಗುಡಿಯ ಮುಂದೆ ಹುಂಜ ನಿಲ್ಲಿಸಿ ಅಕ್ಕಿ ಚೆಲ್ಲುತ್ತಾರೆ. ಕುಕ್ಕಿದರೆ ಮಾರಮ್ಮ ಒಪ್ಪಿದಳು. ಕುಕ್ಕದಿದ್ದರೆ ಒಪ್ಪಲಿಲ್ಲ, ಆ ಹುಂಜವನ್ನು ಮತ್ತೆ ತರುವಂತಿಲ್ಲ, ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ.

ದೊಡ್ಡತಾಯಮ್ಮ ಯೋಚಿಸಿದಳು. ಹಸಿದ ಹುಂಜ ಅಕ್ಕಿ ಬಿಟ್ಟೀತೆ? ಹಿಂದಿನ ಸಂಜೆಯೇ ಮಗನನ್ನು ಕರೆದಳು.

"ನಾಳೆ ಗುಡಿ ಮುಂದೆ ಅಕ್ಕಿ ಕುಕ್ಕೋವರೆಗೂ ಹುಂಜದ ಬಾಯಿಗೆ ಏನೂ ಹೋಗಕೂಡದು. ನನ್ನನ್ನೇನೂ ಕೇಳಬೇಡ. ಹೇಳಿದಷ್ಟು ಮಾಡು."

ಗವಿರಂಗ ಏನೂ ಕೇಳಲಿಲ್ಲ. ಹೇಳಿದಷ್ಟು ಮಾಡಿದ. ಬೆಳಿಗ್ಗೆ ಹುಂಜವನ್ನು ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು ಅವ್ವನ ಹಿಂದೆ ನಡೆದ.

ಪೂಜಾರಿ ಅಕ್ಕಿ ಚೆಲ್ಲಿದ. ದೊಡ್ಡತಾಯಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಗವಿರಂಗ ಬುಟ್ಟಿ ತೆರೆದ. ಹುಂಜ ಹಾರಿ ಬಂದು ಅಕ್ಕಿಯ ಮೇಲೆ ಬಿತ್ತು. ತಲೆ ಬಗ್ಗಿಸಿತು, ಎತ್ತಿತು. ಬಗ್ಗಿಸಿತು, ಎತ್ತಿತು.

"ಒಂದು ಕಾಳೂ ತಗೊಳ್ಳಲಿಲ್ಲ ಕಣಮ್ಮ," ಎಂದ ಪೂಜಾರಿ. "ತಾಯಿ ಒಪ್ಪಲಿಲ್ಲ."

ಅವಳು ಕಣ್ಣು ತೆರೆದಳು. ಹುಂಜದ ಕೊಕ್ಕಿಗೆ ಕೆಂಪು ನೂಲು ಸುತ್ತಿತ್ತು. ಉಸಿರಾಡುವ ತೂತು ಬಿಟ್ಟು, ತುದಿಯವರೆಗೂ ಬಿಗಿಯಾಗಿ ಸುತ್ತಿತ್ತು.

"ಏನೋ ಇದು?"

"ಬಾಯಿಗೆ ಏನೂ ಹೋಗಕೂಡದು ಅಂದ್ಯಲ್ಲ."

"ಇಲ್ಲಿಗೆ ಬಂದ ಮೇಲಾದರೂ ಬಿಚ್ಚಬಾರದಿತ್ತೇನೋ?"

"ಇನ್ನೂ ಕುಕ್ಕಿಲ್ಲವಲ್ಲ ಅವ್ವ. ಕುಕ್ಕಿದ ಮೇಲೆ ಬಿಚ್ಚೋಣ ಅಂತ ಕಾಯ್ತಿದೀನಿ."

ಅವಳು ಪೂಜಾರಿಯ ಕಡೆ ತಿರುಗಿದಳು. "ಪೂಜಾರಪ್ಪ, ನೂಲು ಬಿಚ್ತೀನಿ. ಇನ್ನೊಂದು ಸಲ ಅಕ್ಕಿ ಹಾಕು."

"ತಾಯಿನ ಕೇಳೋದು ಒಂದೇ ಸಲ," ಎಂದು ಅವನು ಅಕ್ಕಿ ಗೋರಿಕೊಂಡು ಒಳಗೆ ಹೋದ.

ಹುಂಜ ಈಗಲೂ ಹಿತ್ತಲಲ್ಲಿ ಮೇಯುತ್ತಿದೆ. ಗವಿರಂಗ ಅದನ್ನು ಕಾಯುತ್ತಿದ್ದಾನೆ.